ಡೈರೆಕ್ಟರಿಯ ನಲವತ್ತೊಂದನೇ ಪುಟ

ನಮ್ಮ ಭಾವನಿಗೆ ಕಡ್ಡಿಗಳ ಮೇಲೆ ನಂಬಿಕೆಯಿಲ್ಲ. ಫೋನಿನ ಮೂಲೆಯಲ್ಲಿ ಸಿಗ್ನಲ್ ಎಷ್ಟಿದೆಯೆಂದು ತೋರಿಸುವ ಆ ನಾಲ್ಕು ಕಡ್ಡಿಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. "ಅದನ್ನ ಮಾಡಿದೋನು ಎಲ್ಲೋ ತಣ್ಣಗೆ ಎಸಿ ರೂಮಲ್ಲಿ ಕೂತಿರ್ತಾನೆ. ಈ ಹೊಲದಲ್ಲಿ ಏನು ಕೇಳಿಸ್ತದೆ ಅಂತ ಅವನಿಗೇನು ಗೊತ್ತು?" ಎನ್ನುತ್ತಾರೆ. ನಾನು ಹತ್ತು ವರ್ಷ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದವನು, ಕಡ್ಡಿಗಳಿಂದಲೇ ಹೊಟ್ಟೆ ಹೊರೆದವನು. ಆದರೂ ಭಾವನ ಎದುರು ಕಡ್ಡಿಗಳ ಪರವಾಗಿ ವಾದ ಮಾಡಿ ಗೆದ್ದದ್ದು ಒಂದು ದಿನವೂ ಇಲ್ಲ.

ನಮ್ಮ ಕೆಲಸ ಇಷ್ಟೇ. ಊರಾಚೆ ನೂರಾರು ಎಕರೆ ಇಟ್ಟುಕೊಂಡವರ ಜಮೀನಿಗೆ ಹೋಗುವುದು, ಗೇಟಿನ ತನಕ ಬಂದಿರುವ ಇಂಟರ್ನೆಟ್ಟನ್ನು ಕಂಬದಿಂದ ಕಂಬಕ್ಕೆ ಗಾಳಿಯಲ್ಲೇ ದಾಟಿಸಿ ಮನೆ, ಕೊಟ್ಟಿಗೆ, ಪಂಪ್‌ಹೌಸು ಎಲ್ಲ ಕಡೆಗೂ ವೈಫೈ ಸಿಗುವಂತೆ ಮಾಡುವುದು. ಕಂಬ ಎಲ್ಲೆಲ್ಲಿ ನೆಡಬೇಕೆಂದು ಗೊತ್ತುಮಾಡುವುದೇ ಇದರಲ್ಲಿ ಅರ್ಧ ಕೆಲಸ. ಬೇರೆಯವರು ಅದಕ್ಕೆ ಮೀಟರು ಹಿಡಿದು ಓಡಾಡುತ್ತಾರೆ. ಭಾವ ನೆಚ್ಚಿಕೊಂಡಿದ್ದು ನನ್ನ ಅಕ್ಕನ ದನಿಯನ್ನು. ಬ್ಯಾಟರಿಗೆ ಜೋಡಿಸಿದ ವೈಫೈ ಡಬ್ಬಿಯನ್ನು ಉದ್ದನೆಯ ಪೈಪಿನ ತುದಿಗೆ ಕಟ್ಟಿ ನಿಲ್ಲಿಸುತ್ತಿದ್ದರು. ಆಮೇಲೆ ಅದೇ ವೈಫೈ ಮೇಲೆ ಮನೆಗೆ ಕಾಲ್ ಮಾಡಿ "ಶುರು ಮಾಡೇ" ಎನ್ನುತ್ತಿದ್ದರು. ಅಲ್ಲಿ ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಏನೋ ಓದತೊಡಗುವಳು. ಇಲ್ಲಿ ಇವರು ಫೋನನ್ನು ಬಲಗಿವಿಗೆ ಒತ್ತಿಕೊಂಡು ನಡೆಯತೊಡಗುವರು. ಅಕ್ಕನ ಮಾತು ಎಲ್ಲಿ ಕಡಿಯುತ್ತದೋ ಅಲ್ಲಿ ಒಂದು ಗೂಟ ಹೊಡೆಯುವುದು. ಗೂಟ ಇದ್ದಲ್ಲಿ ಆಮೇಲೆ ಕಂಬ.

ಕಂಬಗಳನ್ನು ನೆಟ್ಟ ಮೇಲೆ ಇದೇ ರೀತಿ ಇನ್ನೊಂದು ಸುತ್ತು. ಎಲ್ಲೂ ಕಡಿಯದಿದ್ದರೆ ಭಾವ ನಿಂತು, ಕೆಮ್ಮಿ, "ಲೈನ್ ಕ್ಲಿಯರ್" ಎನ್ನುವರು. ವೈಫೈಗೆ ಲೈನೇ ಇಲ್ಲವಲ್ಲ ಭಾವ ಎಂದು ನಾನು ಮೊದಲ ವರ್ಷ ರೇಗಿಸಿದ್ದುಂಟು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಲೈನ್ ಎನ್ನುವುದು ಅವರ ಬಾಯಿಗೆ ಬರುವುದಕ್ಕೆ ಕಾರಣವಿದೆ. ಹತ್ತೊಂಬತ್ತನೇ ವಯಸ್ಸಿಗೆ ಟೆಲಿಫೋನ್ ಇಲಾಖೆಯಲ್ಲಿ ಗುಂಡಿ ತೋಡುವ ಕೆಲಸಕ್ಕೆ ಸೇರಿ, ಆಮೇಲೆ ಮೂವತ್ತು ವರ್ಷ ಲೈನ್‌ಮನ್ ಆಗಿದ್ದವರು. ನಮ್ಮ ಮನೆಗೆ ಮೊದಲ ಸಲ ಬಂದ ದಿನ ಬಾಗಿಲಲ್ಲಿ ನಿಂತವರನ್ನು ನೋಡುವುದು ಬಿಟ್ಟು ಬೀದಿಯ ಕಂಬ ನೋಡಿ "ಈ ವೈರು ಜೋಲುಬಿದ್ದಿದೆಯಲ್ಲ" ಎಂದಿದ್ದರು. ಗಾಳಿಗೆ ಬಿದ್ದ ತಂತಿಯನ್ನು ಸರಿಮಾಡಿ, ಕಂಬದ ಮೇಲಿನಿಂದಲೇ ಎಕ್ಸ್‌ಚೇಂಜಿಗೆ "ಲೈನ್ ಕ್ಲಿಯರ್" ಎಂದರೆ ಅಲ್ಲಿಗೆ ಮುಗಿಯಿತು. ಯಾವ ಸಾಹೇಬನೂ ಬಂದು ಮತ್ತೆ ಪರೀಕ್ಷೆ ಮಾಡುತ್ತಿರಲಿಲ್ಲ. ಅವರ ಮಾತಿಗೆ ಅಷ್ಟು ಬೆಲೆ. ಅವರಿಗಿದ್ದ ಆಸ್ತಿಯೂ ಅದೊಂದೇ ಎಂದರೆ ಸುಳ್ಳಲ್ಲ.

ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು. ಇಲಾಖೆಯವರು ಭಾವನ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅದಾದ ನಾಲ್ಕು ತಿಂಗಳನ್ನು ನೆನೆಸಿಕೊಂಡರೆ ಅಕ್ಕ ಇವತ್ತಿಗೂ ಹಣೆ ಚಚ್ಚಿಕೊಳ್ಳುತ್ತಾಳೆ. ಮೊದಲ ವಾರ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಅಂಟಿಸಿದರು. ಉಪ್ಪು ಹದಿನೇಳು, ಸಕ್ಕರೆ ಹದಿನೆಂಟು. ಎರಡನೇ ವಾರದಿಂದ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟುಬಿಡುತ್ತಿದ್ದರು. ಎಲ್ಲಿಗೆ ಹೋಗುತ್ತಾರೆಂದು ನಾನೊಂದು ದಿನ ಹಿಂದೆಯೇ ಹೋಗಿ ನೋಡಿದೆ. ಬೀದಿಬದಿಯಲ್ಲಿ ಹಳೆಯ ಟೆಲಿಫೋನ್ ಪೆಟ್ಟಿಗೆಗಳು ಬಾಗಿಲು ತೆರೆದುಕೊಂಡು ಬಿದ್ದಿದ್ದವು, ಒಳಗಿನ ತಂತಿಗಳಲ್ಲಿ ಜೀವವಿರಲಿಲ್ಲ. ಭಾವ ಅವುಗಳ ಬಾಗಿಲನ್ನು ಒಂದೊಂದಾಗಿ ಮುಚ್ಚಿಕೊಂಡು ಹೋಗುತ್ತಿದ್ದರು. ಮಾರನೆಯ ದಿನ ಯಾರೋ ತೆರೆದಿರುತ್ತಿದ್ದರು, ಇವರು ಮತ್ತೆ ಮುಚ್ಚುವರು. ಅಕ್ಕನಿಗೆ ಹೇಳಿದೆ. "ಅವರನ್ನ ಏನಾದ್ರೂ ಕೆಲಸಕ್ಕೆ ಹಚ್ಚೋ ಮಾರಾಯ, ಇಲ್ಲಾಂದ್ರೆ ಮನುಷ್ಯ ಉಳಿಯಲ್ಲ" ಎಂದು ಅವಳು ಅತ್ತಳು. ನಮ್ಮ ಅಕ್ಕ ಸುಮ್ಮಸುಮ್ಮನೆ ಅಳುವ ಪೈಕಿಯಲ್ಲ.

ಹಾಗೆ ಶುರುವಾಯಿತು ನಮ್ಮ ಕಂಬದ ಕೆಲಸ. ಈಗ ಏಳು ವರ್ಷ ದಾಟಿದೆ. ಕಂಬ ಹತ್ತುವವನು ನಾನು, ಕೆಳಗೆ ಹಗ್ಗ ಹಿಡಿಯುವವರು ಅವರು. ಎರಡನೇ ವರ್ಷದಲ್ಲಿ ಭಾವ ಒಂದು ಹೊಸ ಪದ್ಧತಿ ತಂದರು. ಇನ್ನು ಮೇಲೆ ಕೂಗಾಟ ಬೇಡ, ಹಗ್ಗವನ್ನು ಒಂದು ಸಲ ಜಗ್ಗಿದರೆ "ಸಾಮಾನು ಕಳಿಸಿ", ಎರಡು ಸಲ ಜಗ್ಗಿದರೆ "ನಿಲ್ಲಿಸಿ", ಮೂರು ಸಲ ಜಗ್ಗಿದರೆ "ಇಳಿಯುತ್ತಿದ್ದೇನೆ". "ಮೇಲಿರೋನ ಮಾತು ಗಾಳಿಗೆ ಹೋಗ್ತದೆ ಕಣೋ" ಎಂದರು. ಲೈನ್‌ಮನ್‌ಗಳ ಹಳೆಯ ಕಸುಬುದಾರಿಕೆ ಇರಬೇಕೆಂದು ನಾನು ತಲೆದೂಗಿದೆ. ಹೋಟೆಲಿನಲ್ಲಿ ಅವರ ಎಡಗಡೆ ಕೂತರೆ "ಆ ಕಡೆ ಹೋಗು, ಇಲ್ಲಿ ಗಾಳಿ ಬರ್ಲಿ" ಎಂದು ಬಲಗಡೆಗೆ ಅಟ್ಟುತ್ತಿದ್ದರು. ವಯಸ್ಸಾಗುತ್ತ ಬಂದ ಸಿಡುಕು ಎಂದುಕೊಂಡೆ. ಎರಡೂ ನನ್ನ ದಡ್ಡತನ.

ಹೋದ ವರ್ಷ ನಮಗೆ ಆರುನೂರು ಎಕರೆಯ ಒಂದು ಹಾಲಿನ ಫಾರ್ಮಿನ ಕೆಲಸ ಸಿಕ್ಕಿತು. ಗೇಟಿನ ಪಕ್ಕ ಆಫೀಸು, ಹಿಂದೆ ಹಾಲು ಕರೆಯುವ ಷೆಡ್ಡು. ಅಲ್ಲಿಂದ ಅರ್ಧ ಮೈಲಿ ಆಚೆ ಮೇವಿನ ಗೋದಾಮು, ಮೇಲಿಂದ ಕೆಳತನಕ ತಗಡಿನದು. ಗೋದಾಮು ದಾಟಿದರೆ ನೆಲ ಬೋಗುಣಿಯ ಹಾಗೆ ತಗ್ಗಾಗುತ್ತದೆ, ಆ ತಗ್ಗಿನಲ್ಲಿ ಕರುಗಳ ಕೊಟ್ಟಿಗೆ. ಮೊಬೈಲ್ ಸಿಗ್ನಲ್ಲು ಗೇಟಿನ ಹತ್ತಿರವೇ ಸುಸ್ತಾಗಿ ನಿಂತುಬಿಡುತ್ತಿತ್ತು. ಫಾರ್ಮಿನ ಒಡತಿ ಐವತ್ತರ ಆಸುಪಾಸಿನವರು, ಬೆಳಗಿನಿಂದ ಗಂಬೂಟು ಹಾಕಿಕೊಂಡೇ ಓಡಾಡುವವರು. ಅವರ ಮಾತು ಕತ್ತರಿಯಲ್ಲಿ ಕತ್ತರಿಸಿದಂತೆ.

"ಕರುಗಳನ್ನ ನೋಡೋ ಡಾಕ್ಟ್ರು ಇರೋದು ಎರಡು ತಾಸು ದೂರದಲ್ಲಿ" ಎಂದರು ಮೊದಲ ದಿನವೇ. "ಕೊಟ್ಟಿಗೆಯಿಂದಲೇ ವಿಡಿಯೊದಲ್ಲಿ ಕರು ತೋರಿಸ್ಬೇಕು, ಅವರು ಹೇಳಿದ್ದು ಅಲ್ಲಿರೋ ನಮ್ಮ ಕೆಲಸದವಳಿಗೆ ಸರಿಯಾಗಿ ಕೇಳಿಸ್ಬೇಕು. ಮಿಕ್ಕ ಕಡೆ ಹೇಗಾದ್ರೂ ಇರ್ಲಿ. ಕೊಟ್ಟಿಗೇಲಿ ಮಾತ್ರ ಒಂದಕ್ಷರ ಕಡೀಬಾರ್ದು."

"ಒಂದಕ್ಷರ ಕಡಿಯಲ್ಲಮ್ಮ" ಎಂದರು ಭಾವ.

ಎರಡು ದಿನ ಸುತ್ತಿದೆವು. ಎರಡನೇ ದಿನ ಮಧ್ಯಾಹ್ನ ಗೋದಾಮು ದಾಟಿ ತಗ್ಗಿಗೆ ಇಳಿದೆವು. ಅಷ್ಟು ಹೊತ್ತಿಗೆ ಮೂರು ಗೂಟಗಳಾಗಿದ್ದವು, ಮೂರನೆಯದು ಗೋದಾಮಿನ ಈಚೆ ಬದಿಗೆ, ಅದರ ಪಕ್ಕದಲ್ಲೇ ಪೈಪು ನಿಲ್ಲಿಸಿದ್ದೆವು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನಾನು ಕದ್ದು ನನ್ನ ಫೋನು ನೋಡಿಕೊಂಡೆ. ಒಂದೇ ಕಡ್ಡಿ, ಅದೂ ಬರುತ್ತಿತ್ತು, ಹೋಗುತ್ತಿತ್ತು.

"ಭಾವ, ಇಲ್ಲೂ ಒಂದು ಗೂಟ ಹೊಡೆಯೋಣ್ವಾ?"

ಅವರು ಸುಮ್ಮನಿರು ಎಂಬಂತೆ ಕೈಯೆತ್ತಿದರು. ಕಣ್ಣು ಮುಚ್ಚಿ, ಫೋನನ್ನು ಬಲಗಿವಿಗೆ ಒತ್ತಿಕೊಂಡು, ಅಕ್ಕ ಓದುತ್ತಿದ್ದುದಕ್ಕೆ ತಲೆಯಾಡಿಸುತ್ತ ನಿಂತಿದ್ದರು. ತುಟಿಗಳು ಸಣ್ಣಗೆ ಅಲ್ಲಾಡುತ್ತಿದ್ದವು.

"ಗೂಟ ಯಾಕೆ? ಒಂದಂಕಿ ಕಡೀಲಿಲ್ಲ. ಎಲ್ಲ ಗಂಟೆ ಹೊಡೆದ ಹಾಗೆ ಕೇಳ್ತಾ ಇದೆ."

"ಕಡ್ಡಿ ಒಂದೇ ತೋರಿಸ್ತಿದೆ..."

"ನಿನ್ನ ಕಡ್ಡೀನ ಒಲೆಗೆ ಹಾಕು."

ನಾನು ಬಾಯಿ ಮುಚ್ಚಿದೆ. ಅಲ್ಲಿ ಬಾಯಿ ಮುಚ್ಚಬಾರದಿತ್ತು. ಆದರೆ ಆರು ವರ್ಷ ಅವರ ಮಾತು ಒಂದು ಸಲವೂ ತಪ್ಪಾಗಿರಲಿಲ್ಲ. ಅದುವರೆಗೆ ನಾವು ಮಾಡಿದ ಜಮೀನುಗಳೆಲ್ಲ ಅಂಗೈಯಂತೆ ಚಪ್ಪಟೆಯಾಗಿದ್ದವು ಎನ್ನುವುದು ಆಮೇಲೆ ಹೊಳೆಯಿತು.

ಆಫೀಸಿನ ಮೇಲೊಂದು, ಗೂಟಗಳ ಜಾಗಕ್ಕೆ ಮೂರು, ಹೀಗೆ ನಾಲ್ಕು ಕಂಬ ನಿಲ್ಲಿಸಿದೆವು. ಒಪ್ಪಿಸುವ ದಿನ ಬೆಳಗ್ಗೆ ಭಾವ ಮತ್ತೊಂದು ಸುತ್ತು ಹಾಕಿ ಬಂದು "ಲೈನ್ ಕ್ಲಿಯರ್" ಎಂದರು. ಒಡತಿ ಡಾಕ್ಟರಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ಮುಂದೆ ಹಿಡಿದುಕೊಂಡು ಆಫೀಸಿನಿಂದ ನಡೆಯಲು ಶುರುಮಾಡಿದರು. ಹಿಂದೆ ನಾವಿಬ್ಬರು. ಷೆಡ್ಡು ದಾಟಿತು, ಗೋದಾಮು ಬಂತು, ಡಾಕ್ಟರು ತಮ್ಮ ಮನೆಯ ನಾಯಿಯ ಕತೆಯನ್ನೇನೋ ಹೇಳಿಕೊಂಡು ನಗುತ್ತಿದ್ದರು. ತಗ್ಗಿಗೆ ಇಳಿದೆವು. ಕೊಟ್ಟಿಗೆಯ ಕೆಲಸದ ಹೆಂಗಸು ಒಂದು ಕರುವನ್ನು ಎರಡೂ ತೋಳಿನಲ್ಲಿ ಎತ್ತಿ ತೋರಿಸಿದಳು. ಡಾಕ್ಟರು ಬಾಯಿ ತೆರೆದರು, ತೆರೆದ ಬಾಯಿ ಹಾಗೆಯೇ ನಿಂತುಬಿಟ್ಟಿತು. ನಂತರ ಅರ್ಧ ಮಾತು, ಆಮೇಲೆ ಬರಿಯ ಗರಗರ. ಕರು ಹೊತ್ತ ಹೆಂಗಸು ಕರುವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ನೋಡಿದಳು, ತಪ್ಪು ತನ್ನದೇ ಇರಬೇಕೆನ್ನುವ ಹಾಗೆ.

"ಯಜಮಾನ್ರೇ, ಇದೇನಿದು?"

"ನಾನು ಇದೇ ಜಾಗದಲ್ಲಿ ನಿಂತು ಕೇಳಿದೀನಮ್ಮ. ಸ್ವಚ್ಛವಾಗಿತ್ತು."

"ಯಾವಾಗ?"

"ಇವತ್ತು ಬೆಳಗ್ಗೆ."

ಒಡತಿ ಫೋನನ್ನು ಭಾವನ ಮುಖಕ್ಕೆ ಹಿಡಿದರು. "ಬೆಳಗ್ಗೆ ಸ್ವಚ್ಛವಾಗಿದ್ದದ್ದು ಈಗ ಎಲ್ಲಿ ಹೋಯ್ತು? ಇಳಿದು ಬಂದು ನೋಡೋ ಗೋಜಿಗೆ ಹೋಗಿಲ್ಲ, ಮೇಲಿಂದಲೇ ಕ್ಲಿಯರ್ ಅಂದಿದೀರಿ. ಅಷ್ಟು ವಯಸ್ಸಾದೋರು ಸುಳ್ಳು ಯಾಕೆ ಹೇಳ್ತೀರಿ? ಮೂರು ದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನಿಮ್ಮ ಕಂಬಗಳನ್ನ ಕಿತ್ಕೊಂಡು ಹೋಗಿ."

ನಾನು ಏನೋ ಹೇಳಲು ಹೊರಟೆ. ಭಾವ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಅವರ ಮುಖ ಇಷ್ಟೇ ಇಷ್ಟಾಗಿತ್ತು.

ವ್ಯಾನಿನಲ್ಲಿ ಒಂದು ಗಂಟೆಯ ದಾರಿ. ಮನೆಯ ತಿರುವು ಬಂದಾಗ ಹೇಳಿದರು: "ನನ್ನನ್ನ ಸುಳ್ಳ ಅಂದೋರು ಇವತ್ತಿನ ತನಕ ಇರ್ಲಿಲ್ಲ." ಆಮೇಲೆ, "ನಾಳೆಯಿಂದ ನೀನು ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು. ನನ್ನ ಮಾತಿಗೆ ಬೆಲೆ ಇಲ್ಲದ ಮೇಲೆ ಹಗ್ಗ ಹಿಡಿಯೋಕೆ ಯಾರಾದ್ರೇನು" ಎಂದರು. ನನ್ನ ಕಣ್ಣ ಮುಂದೆ ಬಂದದ್ದು ಆ ಬೀದಿಬದಿಯ ಪೆಟ್ಟಿಗೆಗಳು, ಇಸ್ತ್ರಿ ಅಂಗಿ, ತೆರೆದ ಬಾಗಿಲುಗಳು. ಆಗ ಅವರಿಗೆ ಐವತ್ತು ಚಿಲ್ಲರೆ. ಈಗ ಅರವತ್ತರ ಹತ್ತಿರ. ಇನ್ನೊಂದು ಸಲ ಮನೆಯಲ್ಲಿ ಕೂತರೆ ಎಬ್ಬಿಸುವುದು ನನ್ನಿಂದಾಗದು.

ಅವರು ಸ್ನಾನಕ್ಕೆ ಹೋದ ಮೇಲೆ ನಾನು ಅಡುಗೆಮನೆಗೆ ನುಗ್ಗಿದೆ.

"ಅಕ್ಕಾ, ಇಷ್ಟು ವರ್ಷದಿಂದ ನೀನು ಫೋನಲ್ಲಿ ಓದ್ತೀಯಲ್ಲ, ಏನು ಓದ್ತೀಯ?"

ಅವಳು ಒಗ್ಗರಣೆ ಸೌಟು ಕೆಳಗಿಟ್ಟಳು. "ಈಗ ಯಾಕದು?"

"ಹೇಳು ಅಂದ್ರೆ."

ಗೂಡಿನಿಂದ ಒಂದು ದಪ್ಪ ಪುಸ್ತಕ ತೆಗೆದುಕೊಟ್ಟಳು. ಇಲಾಖೆಯವರು ಕೊನೆಯ ಸಲ ಅಚ್ಚುಹಾಕಿಸಿದ ಟೆಲಿಫೋನ್ ಡೈರೆಕ್ಟರಿ. ಕೈಗೆ ತೆಗೆದುಕೊಂಡರೆ ಸಾಕು, ತಾನಾಗಿಯೇ ನಲವತ್ತೊಂದನೇ ಪುಟಕ್ಕೆ ತೆರೆದುಕೊಂಡಿತು. ಪುಟದ ಅಂಚೆಲ್ಲ ಬೆರಳಿನ ಎಣ್ಣೆಯಿಂದ ಕಂದಾಗಿತ್ತು. ಬೇಕರಿ, ಸೈಕಲ್ ಅಂಗಡಿ, ಹಲ್ಲಿನ ಡಾಕ್ಟರು, ಕನ್ನಡಕದಂಗಡಿ, ಮರದ ಅಡ್ಡೆ, ಒಂದೊಂದರ ಮುಂದೆ ಐದೈದು ಅಂಕಿ. ಪೇಟೆಬೀದಿಯ ಅಂಗಡಿಗಳು. ಭಾವ ಒಬ್ಬರೇ ನಿಂತು ಮೊದಲು ತಂತಿ ಎಳೆದ ಬೀದಿ ಅದು. ಆ ನಂಬರುಗಳನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾರೆ.

"ಪ್ರತಿ ಸಲಾನೂ ಇದೇ ಪುಟಾನಾ?"

"ಹೂಂ."

"ಅಲ್ಲ ಮಾರಾಯ್ತಿ, ಇಷ್ಟು ದಪ್ಪ ಪುಸ್ತಕದಲ್ಲಿ ಬೇರೆ ಪುಟಾನೇ ಸಿಗ್ಲಿಲ್ವಾ ನಿಂಗೆ? ಬಾಯಿಪಾಠ ಇರೋದನ್ನ ಓದಿದ್ರೆ ಅಲ್ಲಲ್ಲಿ ಕಡಿದ್ರೂ ಅವರ ತಲೇನೇ ತುಂಬ್ಕೊಳ್ಳುತ್ತೆ! ಕಡಿದದ್ದು ಗೊತ್ತಾಗೋದಾದ್ರೂ ಹೇಗೆ?"

ಅಕ್ಕ ಸ್ನಾನದ ಮನೆಯ ಕಡೆ ಒಮ್ಮೆ ನೋಡಿದಳು. ನೀರು ಬೀಳುವ ಸದ್ದು ಕೇಳುತ್ತಿತ್ತು. "ಬೇರೆ ಪುಟ ಓದಿದ್ರೆ ಅವರಿಗೆ ಕೇಳ್ಸಲ್ಲ ಕಣೋ" ಎಂದಳು. "ಎಡಗಿವಿ ಹೋಗಿ ಆರು ವರ್ಷ ಆಯ್ತು. ಬಲಗಿವೀನೂ ಅಷ್ಟಕ್ಕಷ್ಟೇ. ನಾನು ಹಿಂದಿನಿಂದ ಕರೆದ್ರೆ ತಿರುಗಲ್ಲ. ಏನಂದೆ ಅಂತ ಒಂದು ದಿನ, ಒಂದೇ ಒಂದು ದಿನ ಕೇಳಿಲ್ಲ, ತಲೆ ಆಡಿಸಿಬಿಡ್ತಾರೆ. ಮನೆ ಸುಡ್ತಾ ಇದೆ ಅಂದ್ರೂ ಹೂಂ ಅಂತಾರೆ. ಮೊದಲು ನಾನೂ ಪೇಪರ್ ಓದ್ತಿದ್ದೆ. ಎಲ್ಲಿ ನಿಂತರೂ ಕಡೀತದೆ ಕಡೀತದೆ ಅಂತ ಗೂಟ ಹೊಡೀತಿದ್ರಂತೆ. ನೀನೇ ಬಂದು ಹೇಳಿದ್ಯಲ್ಲ, ಭಾವ ಸುಮ್ನೆ ಗೂಟ ಜಾಸ್ತಿ ಮಾಡ್ತಿದಾರೆ ಅಂತ? ಆಗ ನಂಗೆ ಗೊತ್ತಾಯ್ತು. ಅವರಿಗೆ ಗೊತ್ತಿರೋದನ್ನೇ ಓದೋಣ, ಕೆಲಸ ಒಂದು ಉಳೀಲಿ ಅಂತ..."

ಹಗ್ಗ ಜಗ್ಗುವ ಪದ್ಧತಿ ಯಾಕೆ ಬಂತೆಂದು ನನಗೆ ಆಗ ಅರ್ಥವಾಯಿತು. ಐದಾರು ವರ್ಷ ಮೂವತ್ತಡಿ ಕಂಬದ ತುದಿಯಲ್ಲಿ ನಾನು ನೇತಾಡಿದ್ದು ಕಿವಿ ಕೇಳದ ಮನುಷ್ಯನನ್ನು ಕೆಳಗೆ ನಿಲ್ಲಿಸಿಕೊಂಡು! ಒಂದು ಗಳಿಗೆ ಸಿಟ್ಟು ನೆತ್ತಿಗೇರಿತು. ಹಾಗೆಂದು ಅಷ್ಟು ವರ್ಷದಲ್ಲಿ ಒಂದು ಸಲವೂ ಹಗ್ಗ ತಪ್ಪಿರಲಿಲ್ಲ, ಅದನ್ನೂ ಹೇಳಬೇಕು.

"ಇವತ್ತು ಫಾರ್ಮಿನ ಅಮ್ಮ ಭಾವನನ್ನ ಸುಳ್ಳ ಅಂದ್ರು" ಎಂದೆ. "ಕೆಲಸ ಬಿಡ್ತೀನಿ ಅಂತಿದಾರೆ."

ಅಕ್ಕ ಡೈರೆಕ್ಟರಿಯನ್ನು ಮುಚ್ಚಿಟ್ಟಳು. "ಕಿವಿ ಕೇಳ್ಸಲ್ಲ ಅಂದ್ರೆ ತಡ್ಕೋತಾರೆ. ಸುಳ್ಳ ಅಂದ್ರೆ ತಡ್ಕೊಳ್ಳಲ್ಲ" ಎಂದಳು. ಆಮೇಲೆ ನಾವಿಬ್ಬರೂ ಸೇರಿ ಒಂದು ಉಪಾಯ ಮಾಡಿದೆವು. ನಾಳೆ ಭಾವ ಮತ್ತೊಮ್ಮೆ ನಡೆಯಲಿ. ಗೋದಾಮಿನ ಹತ್ತಿರ ಬಂದಾಗ ನಾನು ಜೋರಾಗಿ ಕೆಮ್ಮುವುದು. ಅಲ್ಲಿಂದ ಅಕ್ಕ ನಲವತ್ತೊಂದು ಬಿಟ್ಟು ಗೊತ್ತಿಲ್ಲದ ಪುಟ ಓದುವುದು. ತಗ್ಗಿನಲ್ಲಿ ಕಡಿದದ್ದು ಅವರಿಗೇ ತಿಳಿಯಲಿ, ಕಿವಿಯ ಮಾತು ಯಾರೂ ಎತ್ತುವುದು ಬೇಡ.

ಭಾವ ಬರಲು ಒಪ್ಪಿದ್ದು ತಾನು ಸುಳ್ಳನಲ್ಲ ಎಂದು ತೋರಿಸುವುದಕ್ಕೆ. "ಈ ಸಲ ಸ್ಪೀಕರ್ ಹಾಕ್ತೀನಿ. ನಿನ್ನ ಕಿವಿಯಿಂದಲೇ ಕೇಳು, ಆ ಅಮ್ಮನ ಮುಂದೆ ಸಾಕ್ಷಿ ನೀನೇ ಹೇಳು" ಎಂದರು. ಆಫೀಸಿನ ಹತ್ತಿರದಿಂದ ಹೊರಟೆವು. ಅಕ್ಕ ಬೇಕರಿಯ ನಂಬರು ಓದಿದಳು, ಸೈಕಲ್ ಅಂಗಡಿಯದು ಓದಿದಳು. ಗೋದಾಮಿನ ಗೋಡೆ ಬಂತು. ನಾನು ಕ್ಷಯರೋಗಿಯಂತೆ ಕೆಮ್ಮಿದೆ. ಭಾವ ತಿರುಗಿಯೂ ನೋಡಲಿಲ್ಲ. ತಗ್ಗಿಗೆ ಇಳಿದೆವು.

ಅಕ್ಕ ಬೇರೆ ಪುಟ ಓದಲಿಲ್ಲ. ಪುಸ್ತಕವನ್ನೇ ಬಿಟ್ಟುಬಿಟ್ಟಿದ್ದಳು.

"ರೀ... ಕಿವಿ ಕೇಳ... ನಂಗೆ ಗೊ... ಆರು ವರ್ಷ... ನೀವು ಹೇಳ್ತೀರಿ ಅಂ... ಕಾದೆ... ಅದಕ್ಕೇ ಅದೇ ಪುಟ... ತಪ್ಪು ನಂದು ರೀ... ನೀವು ಸು..."

ಭಾವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ತುಟಿಗಳು ಅಲ್ಲಾಡುತ್ತಿದ್ದವು. ನಾನು ಹತ್ತಿರ ಹೋಗಿ ಕೇಳಿಸಿಕೊಂಡೆ. "ಎರಡು ನಾಲ್ಕು ಏಳು ಒಂಬತ್ತು ಮೂರು" ಎನ್ನುತ್ತಿದ್ದರು. ಆಮೇಲೆ ಕಣ್ಣು ಬಿಟ್ಟು ಗೆದ್ದವರಂತೆ ನನ್ನ ಕಡೆ ತಿರುಗಿದರು. "ಕೇಳ್ದ್ಯಾ? ಹಲ್ಲಿನ ಡಾಕ್ಟ್ರ 'ಮೂರು' ತನಕ ಪೂರ್ತಿ ಬಂತು. ಒಂದಂಕಿ ಬಿಟ್ಟಿಲ್ಲ."

ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡುವಷ್ಟು ಹೊತ್ತೂ ಇರಲಿಲ್ಲ. ಆರು ವರ್ಷ ಕಿವಿಯ ಕೆಲಸವನ್ನು ಕಣ್ಣಿನಿಂದ ಮಾಡಿದವರು ಅವರು. ನನ್ನ ಮುಖ ನೋಡಿದೊಡನೆ ಅವರ ನಗು ಇಳಿಯಿತು.

"ಏನಾಯ್ತೋ?"

ನಾನು ಅವರ ಎದುರು ನಿಂತು, ತುಟಿ ಕಾಣುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದೆ: "ಅಕ್ಕ ನಂಬರು ಓದ್ತಾ ಇರ್ಲಿಲ್ಲ ಭಾವ. ನಿಮ್ಮ ಹತ್ರ ಮಾತಾಡ್ತಾ ಇದ್ಲು."

ಅವರು ಕೈಯಲ್ಲಿದ್ದ ಫೋನನ್ನು ನೋಡಿದರು. ಗರಗರ ಎನ್ನುತ್ತಲೇ ಇತ್ತು. ಬಂದ ದಾರಿಯಲ್ಲೇ ಹಿಂದಕ್ಕೆ ಹತ್ತತೊಡಗಿದರು, ಏದುಸಿರು ಬಿಡುತ್ತ, ಗೋದಾಮು ದಾಟಿ ಕಂಬದ ಬುಡದವರೆಗೂ. ಅಲ್ಲಿ ನಾಲ್ಕೂ ಕಡ್ಡಿ. ಸ್ಪೀಕರ್ ಆರಿಸಿ ಫೋನನ್ನು ಬಲಗಿವಿಗೆ ಒತ್ತಿಕೊಂಡು, ಎಡಗಡೆಯ ಖಾಲಿ ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೇಳಿದರು: "ಇನ್ನೊಂದ್ಸಲ ಹೇಳು."

ಅಕ್ಕ ಹೇಳಿದಳು. ನಾನು ದೂರ ನಿಂತಿದ್ದೆ, ಏನೇನು ಹೇಳಿದಳೋ ಗೊತ್ತಿಲ್ಲ. ಭಾವನ ತುಟಿಗಳು ಈ ಸಲ ಅಲ್ಲಾಡಲಿಲ್ಲ. ಕೊನೆಗೆ "ಕೇಳಿಸ್ತು" ಎಂದರು. ಆಮೇಲೆ ಮೂಗು ಒರೆಸಿಕೊಂಡು, ಅಲ್ಲಿಂದಲೇ ಗೋದಾಮನ್ನೂ ಅದರಾಚೆಯ ತಗ್ಗನ್ನೂ ದಿಟ್ಟಿಸಿ ನೋಡಿದರು.

"ಇಷ್ಟು ದೊಡ್ಡ ತಗಡು ಅಡ್ಡ ನಿಂತಿದೆ. ಇದನ್ನ ದಾಟಿ ಮಾತು ಕೆಳಗೆ ಇಳಿಯೋದಾದ್ರೂ ಹೇಗೆ? ನನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?" ಎಂದರು. ಕಿವಿ ಕೈಕೊಟ್ಟಿತ್ತು, ಕಣ್ಣಲ್ಲ. ಗೋದಾಮನ್ನು ಬಳಸಿಕೊಂಡು ಹೋಗಿ ತಗ್ಗಿನ ಎಡದಂಚಿನಲ್ಲಿ ನಿಂತರು. ಅಲ್ಲಿಂದ ಕಂಬವೂ ಕಾಣುತ್ತಿತ್ತು, ಕೊಟ್ಟಿಗೆಯ ಬಾಗಿಲೂ ಕಾಣುತ್ತಿತ್ತು. ಹಿಮ್ಮಡಿಯಿಂದ ನೆಲ ಒದ್ದು "ಇಲ್ಲಿ" ಎಂದರು. ನಾನು ಗೂಟ ಹೊಡೆದೆ.

ಅಲ್ಲಿಂದ ನೆಟ್ಟಗೆ ಆಫೀಸಿಗೆ. ನಾನು ಮಾತಾಡ್ತೀನಿ ಭಾವ ಎಂದರೆ ಕೇಳಲಿಲ್ಲ.

"ಅಮ್ಮ, ನೀವು ಹೇಳಿದ್ದು ಸರಿ, ಅಲ್ಲಿ ಕಡೀತದೆ. ನಾನು ಇಳಿದು ಹೋಗಿ ನೋಡಿದ್ದೂ ನಿಜ. ಸುಳ್ಳು ಹೇಳ್ಲಿಲ್ಲ. ನನಗೆ ಕಿವಿ ಕೇಳ್ಸಲ್ಲ. ಬಾಯಿಪಾಠ ಇದ್ದದ್ದನ್ನ ಕೇಳಿದೆ ಅಂದ್ಕೊಂಡೆ. ಇನ್ನೊಂದು ಕಂಬ ನಮ್ಮ ಕಡೆಯಿಂದ ಹಾಕ್ತೀವಿ."

ಕಿವಿಯ ಮಾತನ್ನು ಅವರು ಹೊರಗೆ ಹೇಳಿದ್ದು ಅದೇ ಮೊದಲು, ಅದೂ ತಮ್ಮನ್ನು ಸುಳ್ಳ ಎಂದವರ ಮುಂದೆ. ಒಡತಿ ಬರೆಯುತ್ತಿದ್ದುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ನಂತರ ಎದ್ದು ಮೇಜು ಸುತ್ತಿ ಬಂದು ಎದುರಿಗೆ ನಿಂತು, ದನಿ ಎತ್ತರಿಸಿ "ಯಾವ ಕಿವಿ?" ಎಂದರು.

"ಎಡಗಿವಿ ಪೂರ್ತಿ. ಬಲಗಿವಿ ಅರ್ಧ."

ಅವರು ಬಲಗಡೆಗೆ ಸರಿದು ನಿಂತರು. "ನಿನ್ನೆ ಆಡಬಾರದ ಮಾತಾಡ್ದೆ. ಮನಸ್ಸಲ್ಲಿ ಇಟ್ಕೋಬೇಡಿ. ಕಂಬ ಯಾವತ್ತು?"

"ನಾಳೆ" ಎಂದರು ಭಾವ.

ಮಾರನೆಯ ದಿನ ಐದನೇ ಕಂಬ ನಿಂತಿತು. ನಾನು ಮೇಲಿದ್ದೆ, ಅವರು ಕೆಳಗೆ. ಹಗ್ಗವನ್ನು ಎರಡು ಸಲ ಜಗ್ಗಿದೆ, ಅಲ್ಲಾಡದಂತೆ ಹಿಡಿದು ನಿಂತರು. ಒಡತಿ ಡಾಕ್ಟರನ್ನು ಫೋನಿನಲ್ಲಿ ಹಿಡಿದುಕೊಂಡು ತಗ್ಗಿಗೆ ಇಳಿದರು. ಕೆಲಸದ ಹೆಂಗಸು ಅದೇ ಕರುವನ್ನು ಎತ್ತಿ ತೋರಿಸಿದಳು. ಹೊಕ್ಕುಳಿಗೆ ಔಷಧಿ ಹೇಗೆ ಹಚ್ಚಬೇಕು, ದಿನಕ್ಕೆಷ್ಟು ಸಲ ಎಂದು ಡಾಕ್ಟರು ಮೊದಲಿನಿಂದ ಕೊನೆಯ ತನಕ ಹೇಳಿ ಮುಗಿಸಿದರು, ಅವಳು ಎಲ್ಲವನ್ನೂ ತಿರುಗಿ ಒಪ್ಪಿಸಿದಳು. ಒಡತಿ ಫೋನು ಇಳಿಸಿ ಭಾವನ ಬಲಕ್ಕೆ ಬಂದು ನಿಂತು "ಹೇಳಿ ಯಜಮಾನ್ರೇ" ಎಂದರು.

ಭಾವ ಅಭ್ಯಾಸದಂತೆ ಕೆಮ್ಮಿದರು. ಬಾಯಿ ತೆರೆದರು. ಆಮೇಲೆ ನನ್ನ ಕಡೆ ತಿರುಗಿ "ನೀನು ಹೇಳು" ಎಂದರು.

"ಲೈನ್ ಕ್ಲಿಯರ್" ಎಂದೆ. ಆರು ವರ್ಷದಲ್ಲಿ ನಾನು ಮೊದಲ ಸಲ ಹೇಳಿದ್ದು.

ಹೊಸ ಕಂಬದ ಸುತ್ತಿಗೆಂದು ಮನೆಗೆ ಮಾಡಿದ್ದ ಕಾಲ್ ಇನ್ನೂ ಹಾಗೆಯೇ ಇತ್ತು. ಭಾವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಫೋನು ಕಿವಿಗಿಟ್ಟುಕೊಂಡರು. ಅಲ್ಲಿ ಅಕ್ಕ ಏನೋ ಕೇಳಿದಳು. ಭಾವ ರೂಢಿಯಂತೆ ತಲೆಯಾಡಿಸಹೊರಟವರು ಅರ್ಧಕ್ಕೇ ನಿಂತರು.

"ಏನಂದೆ?" ಎಂದರು.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ನಾನು ನನ್ನ ಫೋನು ನೋಡಿಕೊಂಡೆ. ನಾಲ್ಕು ಕಡ್ಡಿಗಳೂ ಇದ್ದವು. ಆಮೇಲೆ ಅಕ್ಕ ಎಷ್ಟು ಜೋರಾಗಿ ಕೂಗಿದಳೆಂದರೆ ಒಳಗಿದ್ದ ಕರುಗಳೆಲ್ಲ ತಲೆಯೆತ್ತಿದವು.

"ಮುಗೀತಾ ಅಂತ ಕೇಳ್ದೆ ರೀ! ಊಟಕ್ಕೆ ಬರ್ತೀರಾ ಅಂತ ಕೇಳ್ದೆ!"